ಪೂರ್ತಿ ತಿರುಗದ ತಿರುಪು: ಬೆಳಕನ್ನು ಹಿಂದೆ ಹಾಕಿದ ನ್ಯೂಟ್ರಿನೋಗಳ ಪ್ರಕರಣ

2011ರ ಸೆಪ್ಟೆಂಬರ್ 23. ಜಿನೀವಾ ಪಕ್ಕದ ಸರ್ನ್ ಪ್ರಯೋಗಾಲಯದ ಸಭಾಂಗಣ ಕಿಕ್ಕಿರಿದು ತುಂಬಿತ್ತು. ಡಾರಿಯೊ ಆಟಿಯೆರೊ ಎಂಬ ಭೌತವಿಜ್ಞಾನಿ ಒಂದೊಂದೇ ಸ್ಲೈಡ್ ತೋರಿಸುತ್ತಾ ಹೋದರು. ಹೊಸ ಸಿದ್ಧಾಂತ ಅಂತ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಕೇಬಲ್, ಗಡಿಯಾರ, ಜಿಪಿಎಸ್, ಭೂಮಿ ಅಳೆದ ಲೆಕ್ಕ. ಇಷ್ಟೆಲ್ಲ ಆದ ಮೇಲೆ ಒಂದು ಸಂಖ್ಯೆ ಬಂತು: 60.7 ನ್ಯಾನೋಸೆಕೆಂಡ್.

ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೋಸೆಕೆಂಡ್. ಅಷ್ಟರಲ್ಲಿ ಬೆಳಕು ಸಾಗುವುದು ಸುಮಾರು 30 ಸೆಂಟಿಮೀಟರ್. ಮೇಜಿನ ಮೇಲಿರುವ ಅಡಿ ಸ್ಕೇಲಿನ ಉದ್ದ, ಅಷ್ಟೇ. ಸರ್ನ್‌ನಿಂದ ಹೊರಟ ನ್ಯೂಟ್ರಿನೋ ಕಣಗಳು ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಪ್ರಯೋಗಾಲಯಕ್ಕೆ ಬೆಳಕಿಗಿಂತ 60.7 ನ್ಯಾನೋಸೆಕೆಂಡ್ ಮೊದಲೇ ತಲುಪಿವೆ ಎನ್ನುವುದು ಆ ಸ್ಲೈಡಿನ ಅರ್ಥ. ಅಂದರೆ ಬೆಳಕಿಗಿಂತ ಸುಮಾರು 18 ಮೀಟರ್ ಮುಂದೆ.

ಹದಿನೆಂಟೇ ಮೀಟರ್, ಅದರಲ್ಲೇನು ಅನ್ನಬಹುದು. ಆದರೆ ನಿರ್ವಾತದಲ್ಲಿ ಬೆಳಕು ಹೋಗುವ ವೇಗವನ್ನು ಯಾವ ಕಣವೂ ಮೀರಲಾರದು ಎನ್ನುವುದು, ಐನ್‌ಸ್ಟೈನ್ ಸಾಪೇಕ್ಷತಾ ಸಿದ್ಧಾಂತ ಕೊಟ್ಟ 1905ರಿಂದ ಭೌತವಿಜ್ಞಾನಕ್ಕೆ ನಡುಗಂಬದ ಹಾಗೆ. ಅದನ್ನು ಒಂದು ಮೀಟರ್ ಮೀರಿದರೂ ಮೀರಿದಂತೆಯೇ.

ಕಥೆಯ ಕೊನೆ ಹಲವರಿಗೆ ಗೊತ್ತು: ಒಂದು ಕೇಬಲ್ ಸಡಿಲ ಇತ್ತು. ಜನ ನಕ್ಕರು, ಮರೆತರು. ನನಗೆ ಕುತೂಹಲ ಇರುವುದು ಮಧ್ಯದ ಭಾಗದಲ್ಲಿ. ಆ ವಿಜ್ಞಾನಿಗಳು ಅಜಾಗರೂಕರಲ್ಲ. ಅವರಷ್ಟು ಎಚ್ಚರಿಕೆಯಿಂದ ಅಳೆದವರೇ ಕಡಿಮೆ. ಆಮೇಲೆ ಅದೇ ಅಳತೆಯನ್ನು ಇನ್ನೂ ಚೆನ್ನಾಗಿ ಮತ್ತೊಮ್ಮೆ ಮಾಡಿದರು. ಆಗಲೂ ಅದೇ ಉತ್ತರ ಬಂತು. ಅದು ಹೇಗೆ ಸಾಧ್ಯವಾಯಿತು ಅನ್ನುವುದನ್ನು ನೋಡೋಣ.

ಇದು ಓಟದ ಸ್ಪರ್ಧೆಗೆ ಕಟ್ಟಿದ ಯಂತ್ರವೇ ಅಲ್ಲ

ಪ್ರಯೋಗದ ಹೆಸರು ಒಪೆರಾ. ಇಟಲಿಯ ಗ್ರಾನ್ ಸಾಸೊ ಬೆಟ್ಟದ ಹೊಟ್ಟೆಯೊಳಗಿನ ಪ್ರಯೋಗಾಲಯದಲ್ಲಿ ಇದನ್ನು ಕಟ್ಟಿದ್ದರು. ತಲೆ ಮೇಲೆ 1,400 ಮೀಟರ್ ಬಂಡೆ. ಆಕಾಶದಿಂದ ಸದಾ ಸುರಿಯುವ ಕಣಗಳಲ್ಲಿ ಹೆಚ್ಚಿನವನ್ನು ಆ ಬಂಡೆಯೇ ತಡೆಯುತ್ತದೆ. ಬಂಡೆಯ ಪರಿವೆಯೇ ಇಲ್ಲದೆ ದಾಟಿ ಬರುವುದು ನ್ಯೂಟ್ರಿನೋ.

ನ್ಯೂಟ್ರಿನೋಗಳಲ್ಲಿ ಮೂರು ಬಗೆ: ಎಲೆಕ್ಟ್ರಾನ್, ಮ್ಯೂಆನ್, ಟಾವ್. ದಾರಿಯಲ್ಲಿ ಹೋಗುತ್ತಾ ಒಂದು ಬಗೆಯದು ಇನ್ನೊಂದಾಗಿ ಬದಲಾಗುತ್ತದೆ. ಸರ್ನ್‌ನಿಂದ ಮ್ಯೂಆನ್ ನ್ಯೂಟ್ರಿನೋ ಕಳಿಸಿ, ಇಟಲಿಯಲ್ಲಿ ಅದು ಟಾವ್ ನ್ಯೂಟ್ರಿನೋ ಆಗಿ ಬಂದದ್ದನ್ನು ಹಿಡಿಯಬೇಕು. ಒಪೆರಾಗೆ ಇದ್ದ ಕೆಲಸ ಇದು. ಇದಕ್ಕಾಗಿ ಅವರು ಸುಮಾರು 1,50,000 ಇಟ್ಟಿಗೆಗಳನ್ನು ಗೋಡೆಯ ಹಾಗೆ ಜೋಡಿಸಿದ್ದರು. ಒಂದೊಂದೂ 8 ಕಿಲೋ ಮೇಲೆ ತೂಕ. ಇಟ್ಟಿಗೆ ಅಂದರೆ ಮಣ್ಣಿನದಲ್ಲ. ಸೀಸದ ತೆಳು ಹಾಳೆ, ಅದರ ಮೇಲೆ ಫೋಟೋ ಫಿಲ್ಮು, ಮತ್ತೆ ಸೀಸ, ಮತ್ತೆ ಫಿಲ್ಮು, ಹೀಗೆ ಪದರ ಪದರ. ಇಟ್ಟಿಗೆಗಳ ನಡುವೆ, ಕಣ ಹಾದುಹೋದರೆ ಮಿನುಗುವ ಪ್ಲಾಸ್ಟಿಕ್ ಪಟ್ಟಿಗಳು. ಯಾವ ಇಟ್ಟಿಗೆಯಲ್ಲಿ ಏನೋ ಆಯಿತು ಅಂತ ಮಿನುಗು ಹೇಳುತ್ತದೆ. ಆ ಇಟ್ಟಿಗೆಯನ್ನು ಯಂತ್ರ ಹೊರಗೆಳೆಯುತ್ತದೆ. ಫಿಲ್ಮು ತೊಳೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ.

ಸರ್ನ್ ಕಡೆಯಲ್ಲಿ ಪ್ರೋಟಾನ್‌ಗಳನ್ನು ಗ್ರಾಫೈಟ್‌ಗೆ ಅಪ್ಪಳಿಸುತ್ತಿದ್ದರು. ಅದರಿಂದ ಹುಟ್ಟಿದ ಕಣಗಳು ಒಂದು ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಓಡುತ್ತಾ ಒಡೆದು ನ್ಯೂಟ್ರಿನೋಗಳನ್ನು ಕೊಡುತ್ತಿದ್ದವು. ಅಲ್ಲಿಂದ ಮುಂದೆ ಕೊಳವೆಯೂ ಇಲ್ಲ, ಸುರಂಗವೂ ಇಲ್ಲ. ಭೂಮಿ ಗುಂಡಗಿರುವುದರಿಂದ ನೇರ ಗೆರೆ ಎಳೆದರೆ ಅದು ನಡುವೆ 10 ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ ಬಂಡೆ ಸೀಳಿಕೊಂಡು ಹೋಗುತ್ತದೆ. ಫಲಿತಾಂಶ ಬಂದ ಸಂಭ್ರಮದಲ್ಲಿ ಇಟಲಿಯ ಶಿಕ್ಷಣ ಸಚಿವಾಲಯ ಒಂದು ಪ್ರಕಟಣೆ ಹೊರಡಿಸಿ, ಸರ್ನ್‌ನಿಂದ ಗ್ರಾನ್ ಸಾಸೊವರೆಗಿನ 'ಸುರಂಗ'ಕ್ಕೆ ತಾವೂ ದುಡ್ಡು ಕೊಟ್ಟಿದ್ದೇವೆ ಅಂತ ಹೇಳಿಕೊಂಡಿತು. 730 ಕಿಲೋಮೀಟರ್ ಸುರಂಗ! ಆ ವಾರ ಇಟಲಿಯಲ್ಲಿ ನ್ಯೂಟ್ರಿನೋಗಿಂತ ಇದೇ ವೇಗವಾಗಿ ಓಡಿರಬೇಕು.

ವೇಗ ಅಳೆಯುವುದು ಹೀಗೆ ಬದಿಯಲ್ಲಿ ಸೇರಿಕೊಂಡ ಕೆಲಸ. ಹೇಗೂ ಕಣಗಳು ಹೊರಡುತ್ತಿವೆ, ಬರುತ್ತಿವೆ. ಎಷ್ಟು ಹೊತ್ತಿಗೆ ಅಂತಲೂ ಬರೆದುಕೊಂಡರಾಯಿತು, ಅಲ್ವಾ?

ದೂರ ಮತ್ತು ಹೊತ್ತು

ವೇಗ ಬೇಕಾದರೆ ಎರಡೇ ಅಳತೆ ಸಾಕು. ಎಷ್ಟು ದೂರ, ಎಷ್ಟು ಹೊತ್ತು.

ದೂರದ ಕೆಲಸ ನೋಡಿದರೆ ಬೆರಗಾಗುತ್ತದೆ. ಜಿಪಿಎಸ್ ಸಿಗ್ನಲ್ ಬೆಟ್ಟದೊಳಗೆ ಬರುವುದಿಲ್ಲ. ಪ್ರಯೋಗಾಲಯಕ್ಕೆ ಹೋಗುವ ದಾರಿ ಒಂದು ಹೆದ್ದಾರಿ ಸುರಂಗ, ಉದ್ದ 10 ಕಿಲೋಮೀಟರ್. ಸುರಂಗದ ಎರಡೂ ಬಾಯಲ್ಲಿ ಜಿಪಿಎಸ್‌ನಿಂದ ಜಾಗ ಗುರುತಿಸಿ, ಅಲ್ಲಿಂದ ಒಳಗಿನ ಡಿಟೆಕ್ಟರ್‌ವರೆಗೆ ಅಳತೆಯನ್ನು ಹಂತ ಹಂತವಾಗಿ ಸಾಗಿಸಿಕೊಂಡು ಬಂದರು. ಕೊನೆಗೆ ಸುಮಾರು 731 ಕಿಲೋಮೀಟರ್ ದೂರದಲ್ಲಿ ಉಳಿದ ಅನುಮಾನ 20 ಸೆಂಟಿಮೀಟರ್. ಬೆಳಕಿನ ಲೆಕ್ಕದಲ್ಲಿ ಒಂದು ನ್ಯಾನೋಸೆಕೆಂಡ್ ಕೂಡ ಅಲ್ಲ.

ಇದರ ಒಂದು ಗ್ರಾಫ್ ನನಗೆ ತುಂಬ ಇಷ್ಟ. ಗ್ರಾನ್ ಸಾಸೊದ ಜಾಗ ದಿನದಿಂದ ದಿನಕ್ಕೆ ಎಷ್ಟು ಸರಿಯಿತು ಅಂತ ತೋರಿಸುವ ಗ್ರಾಫ್ ಅದು. ಚುಕ್ಕಿಗಳು ನಿಧಾನವಾಗಿ ಓರೆಯಾಗಿ ಏರುತ್ತವೆ, ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಭೂಖಂಡದ ಚಲನೆ. 2009ರ ಏಪ್ರಿಲ್‌ಗೆ ಬಂದಾಗ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು: 7 ಸೆಂಟಿಮೀಟರ್. ಏಪ್ರಿಲ್ 6ರಂದು ಪಕ್ಕದ ಲಾಕ್ವಿಲಾದಲ್ಲಿ ಆದ ಭೂಕಂಪ ಬೆಟ್ಟವನ್ನೇ ಅಷ್ಟು ಜರುಗಿಸಿತ್ತು. ಬೆಟ್ಟ ಒಂದು ಗೇಣೂ ಸರಿದಿರಲಿಲ್ಲ, ಆದರೂ ಇವರ ಲೆಕ್ಕಕ್ಕೆ ಸಿಕ್ಕಿತು. ಇಂಥವರ ಕೈಯಲ್ಲಿ 18 ಮೀಟರ್ ತಪ್ಪಿಸಿಕೊಂಡದ್ದು ಅನ್ನುವುದನ್ನು ನೆನಪಿಡಿ.

ಹೊತ್ತಿನ ಕೆಲಸ ಇನ್ನೂ ಕಷ್ಟದ್ದು. ಇಡೀ ಪ್ರಯಾಣಕ್ಕೆ ಹಿಡಿಯುವುದು 2.4 ಮಿಲಿಸೆಕೆಂಡ್. ಹೊರಡುವ ಊರಿನ ಗಡಿಯಾರ, ತಲುಪುವ ಊರಿನ ಗಡಿಯಾರ ಎರಡೂ ಒಂದೇ ಹೊತ್ತು ತೋರಿಸಬೇಕು, ಅದೂ ಕೆಲವೇ ನ್ಯಾನೋಸೆಕೆಂಡ್ ಹೆಚ್ಚುಕಮ್ಮಿಯೊಳಗೆ. ಎರಡೂ ಕಡೆ ಒಂದೇ ಮಾದರಿಯ ಜಿಪಿಎಸ್ ರಿಸೀವರ್, ಸೀಸಿಯಂ ಪರಮಾಣು ಗಡಿಯಾರ ಇಟ್ಟರು. ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಅಳತೆ ಸಂಸ್ಥೆಗಳಿಂದ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿದರು. ಎರಡು ಗಡಿಯಾರಗಳ ನಡುವೆ ಇದ್ದ ವ್ಯತ್ಯಾಸ ಸುಮಾರು 2 ನ್ಯಾನೋಸೆಕೆಂಡ್. ಅಲ್ಲಿಗೆ ಅದೂ ಸರಿಹೋಯಿತು.

ಆದರೆ ಜಿಪಿಎಸ್ ಗಡಿಯಾರ ಇರುವುದು ಬೆಟ್ಟದ ಹೊರಗೆ. ಡಿಟೆಕ್ಟರ್ ಒಳಗೆ. ಹೊತ್ತನ್ನು ಒಳಗೆ ಒಯ್ಯುವುದು ಹೇಗೆ? 8.3 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರ್ ಎಳೆದಿದ್ದರು. ಹೊರಗಿನ ಗಡಿಯಾರ ಬೆಳಕಿನ ಮಿಡಿತ ಕಳಿಸುತ್ತದೆ. ಒಳಗಿನ ಮಾಸ್ಟರ್ ಗಡಿಯಾರ ಅದನ್ನು ನೋಡಿಕೊಂಡು ತನ್ನನ್ನು ಸರಿಮಾಡಿಕೊಳ್ಳುತ್ತದೆ. ಬೆಳಕು ಫೈಬರಿನಲ್ಲಿ ಬರುವುದಕ್ಕೂ ಹೊತ್ತು ಹಿಡಿಯುತ್ತದಲ್ಲ, ಅದನ್ನು 2006ರ ಜುಲೈನಲ್ಲಿ ಅಳೆದಿದ್ದರು: 40,996 ನ್ಯಾನೋಸೆಕೆಂಡ್, ಒಂದು ಆಚೀಚೆ. ಹೊತ್ತುಕೊಂಡು ಓಡಾಡಬಹುದಾದ ಸೀಸಿಯಂ ಗಡಿಯಾರವನ್ನು ಒಳಗೆ ತಂದು ನೋಡಿದಾಗಲೂ ಅದೇ ಉತ್ತರ. ಆ ಸಂಖ್ಯೆ ಲೆಕ್ಕದ ಪಟ್ಟಿಗೆ ಸೇರಿತು.

ಅಳೆದ ದಿನ ಆ ಸಂಖ್ಯೆ ಸರಿಯಾಗಿಯೇ ಇತ್ತು.

ಮೂರು ವರ್ಷದ ಎಣಿಕೆ

ಈಗ ಒಂದು ತೊಡಕು. ನ್ಯೂಟ್ರಿನೋ ಯಾವ ಕ್ಷಣಕ್ಕೆ ಬಂತು ಅಂತ ಹೇಳಬಹುದು. ಯಾವ ಕ್ಷಣಕ್ಕೆ ಹೊರಟಿತು ಅಂತ ಹೇಳುವುದು ಸಾಧ್ಯವಿರಲಿಲ್ಲ. ಸರ್ನ್ ಪ್ರೋಟಾನ್‌ಗಳನ್ನು ಕಳಿಸುತ್ತಿದ್ದದ್ದು ಕಂತೆಕಂತೆಯಾಗಿ. ಒಂದೊಂದು ಕಂತೆ ಹಾಯುವುದಕ್ಕೆ 10,500 ನ್ಯಾನೋಸೆಕೆಂಡ್. ಬಂದ ನ್ಯೂಟ್ರಿನೋ ಆ ಕಂತೆಯ ತಲೆಯಿಂದ ಹುಟ್ಟಿದ್ದೋ ಬಾಲದಿಂದ ಹುಟ್ಟಿದ್ದೋ ಯಾರಿಗೆ ಗೊತ್ತು? ಹತ್ತು ಸಾವಿರದ ಮಸುಕಿನಲ್ಲಿ ಅರವತ್ತನ್ನು ಹುಡುಕಬೇಕು.

ಅದಕ್ಕೆ ಅವರು ಹಿಡಿದ ದಾರಿ ಎಣಿಕೆ. ಪ್ರೋಟಾನ್ ಕಂತೆಗಳ ಆಕಾರವನ್ನೆಲ್ಲ ಕೂಡಿಸಿ ಒಂದು ಚಿತ್ರ. ನ್ಯೂಟ್ರಿನೋಗಳು ಬಂದ ಹೊತ್ತನ್ನೆಲ್ಲ ಕೂಡಿಸಿ ಇನ್ನೊಂದು ಚಿತ್ರ. ಒಂದರ ಮೇಲೆ ಒಂದು ಇಟ್ಟು ಎಲ್ಲಿ ಸರಿಯಾಗಿ ಕೂರುತ್ತದೋ ನೋಡಿದರು. 2009ರಿಂದ ಮೂರು ವರ್ಷಗಳಲ್ಲಿ 15,000ಕ್ಕೂ ಹೆಚ್ಚು ನ್ಯೂಟ್ರಿನೋಗಳನ್ನು ಹೀಗೆ ಸೇರಿಸಿದರು.

ತಮ್ಮ ಆಸೆ ಲೆಕ್ಕದೊಳಗೆ ನುಸುಳದ ಹಾಗೆ ಒಂದು ಉಪಾಯವನ್ನೂ ಮಾಡಿದ್ದರು. ಕೇಬಲ್, ಸರ್ಕ್ಯೂಟುಗಳಲ್ಲಿ ಸಿಗ್ನಲ್ ಸಾಗಲು ಹಿಡಿಯುವ ಹೊತ್ತನ್ನು, ಅಂದರೆ ತಡಗಳನ್ನು, ಹೊಸದಾಗಿ ಅಳೆದಿದ್ದರು; ಅವನ್ನು ಪಕ್ಕಕ್ಕೆ ಇಟ್ಟು, 2006ರ ಹಳೆಯ, ಒರಟು ಸಂಖ್ಯೆಗಳನ್ನೇ ಹಾಕಿ ವಿಶ್ಲೇಷಣೆ ನಡೆಸಿದರು. ಅದರಲ್ಲಿ ಬಂದದ್ದು 1,048.5 ನ್ಯಾನೋಸೆಕೆಂಡ್. ಆ ಸಂಖ್ಯೆಗೆ ಅರ್ಥವೇ ಇಲ್ಲ. ಎಲ್ಲ ಮುಗಿದ ಮೇಲೆ ಸರಿಯಾದ ತಡಗಳನ್ನು ಕೂಡಿಸಿದರು: 987.8. ಕಳೆದರೆ ಉಳಿದದ್ದು 60.7. ಪೆಟ್ಟಿಗೆ ತೆರೆಯುವವರೆಗೆ ಒಳಗೇನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಇದು ಪ್ರಾಮಾಣಿಕ ಕ್ರಮ, ಮಾತೇ ಇಲ್ಲ. ಆದರೆ ಈ ಉಪಾಯ ಕಾಪಾಡುವುದು ಮನುಷ್ಯನ ಮನಸ್ಸಿನಿಂದ. ತಂತಿಯಿಂದ ಅಲ್ಲ. ತಡಗಳ ಪಟ್ಟಿಯಲ್ಲೇ ಒಂದು ಸಂಖ್ಯೆ ಹಳಸಿದ್ದರೆ, ಕಣ್ಣು ಕಟ್ಟಿಕೊಂಡು ಕೂಡಿಸಿದರೂ ಹಳಸಿದ್ದೇ ಬರುತ್ತದೆ.

ಅನುಮಾನಗಳ ಸುರಿಮಳೆ

ಒಪೆರಾದವರು ಹೊರತಂದ ಪ್ರಬಂಧದ ಧಾಟಿ ತುಂಬ ಸೌಮ್ಯವಾಗಿತ್ತು. ಇದರ ಅರ್ಥ ಏನು ಅಂತ ಹೇಳುವ ಗೋಜಿಗೆ ಹೋಗುವುದಿಲ್ಲ, ನಮಗೆ ಗೊತ್ತಿಲ್ಲದ ತಪ್ಪು ಎಲ್ಲಾದರೂ ಇರಬಹುದು, ಹುಡುಕುತ್ತಿದ್ದೇವೆ ಎನ್ನುವುದು ಅದರ ಸಾರ. ಪತ್ರಿಕೆಗಳ ತಲೆಬರಹಗಳಿಗೆ ಅಷ್ಟು ಸೌಮ್ಯ ಬೇಕಿರಲಿಲ್ಲ. ಐನ್‌ಸ್ಟೈನ್ ಸೋತರು ಎನ್ನುವುದೇ ಸುದ್ದಿಯಾಯಿತು.

ಭೌತವಿಜ್ಞಾನಿಗಳ ಕಡೆಯಿಂದ ಬಂದ ಒಂದು ಆಕ್ಷೇಪ ಹಳೆಯ ನಕ್ಷತ್ರದ್ದು. 1987ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಪುಟ್ಟ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ದೂರ ಸುಮಾರು 1,68,000 ಜ್ಯೋತಿರ್ವರ್ಷ. ಅದರ ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು ಮೂರು ಗಂಟೆ ಮೊದಲು ಬಂದವು. ಅದಕ್ಕೆ ಕಾರಣ ವೇಗ ಅಲ್ಲ. ಸಿಡಿತದ ಆಘಾತ ನಕ್ಷತ್ರದ ಮೇಲ್ಮೈ ತಲುಪಿದ ಮೇಲೆ ಬೆಳಕು ಹೊರಡುತ್ತದೆ, ನ್ಯೂಟ್ರಿನೋ ಒಳಗಿನಿಂದಲೇ ಹೊರಟುಬಿಡುತ್ತದೆ. ಒಪೆರಾ ಹೇಳಿದ ವೇಗ ನಿಜವಾಗಿದ್ದರೆ ಅವು ಮೂರು ಗಂಟೆಯಲ್ಲ, ನಾಲ್ಕು ವರ್ಷ ಮೊದಲೇ ಬರಬೇಕಿತ್ತು. ಆದರೆ ನಕ್ಷತ್ರದ ನ್ಯೂಟ್ರಿನೋಗಳ ಶಕ್ತಿ ತುಂಬ ಕಡಿಮೆ, ಸರ್ನ್‌ನವುಗಳ ಶಕ್ತಿ ಸಾವಿರಪಟ್ಟು ಜಾಸ್ತಿ, ಹಾಗಾಗಿ ಎರಡನ್ನೂ ಹೋಲಿಸಬೇಡಿ ಅಂತ ಹೇಳಲು ಜಾಗ ಉಳಿದಿತ್ತು.

ಆ ಜಾಗವನ್ನೂ ಆಂಡ್ರ್ಯೂ ಕೊಹೆನ್ ಮತ್ತು ಶೆಲ್ಡನ್ ಗ್ಲಾಶೋ ಕೆಲವೇ ದಿನಗಳಲ್ಲಿ ಕಿರಿದು ಮಾಡಿದರು. ಬೆಳಕಿಗಿಂತ ವೇಗವಾಗಿ ಹೋಗುವ ನ್ಯೂಟ್ರಿನೋ ದಾರಿಯುದ್ದಕ್ಕೂ ಶಕ್ತಿ ಉದುರಿಸುತ್ತಾ ಹೋಗಬೇಕು ಅಂತ ಲೆಕ್ಕ ಹಾಕಿ ತೋರಿಸಿದರು. ಅದೇ ಬೆಟ್ಟದೊಳಗೆ ಇಕಾರಸ್ ಅಂತ ಇನ್ನೊಂದು ಡಿಟೆಕ್ಟರ್ ಇತ್ತು. ಬಂದ ನ್ಯೂಟ್ರಿನೋಗಳ ಶಕ್ತಿಯನ್ನು ಅವರು ನೋಡಿದರು. ಏನೂ ಉದುರಿರಲಿಲ್ಲ.

ಆದರೆ ಈ ಆಕ್ಷೇಪಗಳೆಲ್ಲ ಹೇಳುವುದು ಒಂದೇ ಮಾತು: 'ನಿಮ್ಮ ಉತ್ತರ ತಪ್ಪಿರಬೇಕು.' ಎಲ್ಲಿ ತಪ್ಪಿದೆ ಅಂತ ಅವು ಹೇಳುವುದಿಲ್ಲ. ಸಿದ್ಧಾಂತ ಯಂತ್ರವನ್ನು ಅನುಮಾನಿಸಬಹುದು, ರಿಪೇರಿ ಮಾಡಲಾರದು.

ಎಲ್ಲಿ ಅಂತ ಬೆರಳು ತೋರಿಸಿದವರ ಪೈಕಿ ಬಹಳಷ್ಟು ಜನ ತೋರಿಸಿದ್ದು ಆ ಉದ್ದನೆಯ ಕಂತೆಯನ್ನು. ಆಕಾರದ ಮೇಲೆ ಆಕಾರ ಕೂರಿಸುವಾಗ ಸ್ವಲ್ಪ ಜಾರಿರಬೇಕು, ತುದಿಗಳಲ್ಲಿ ಏನೋ ಎಡವಟ್ಟಾಗಿರಬೇಕು. ಕೇಳುವುದಕ್ಕೂ ಸರಿಯಾಗಿಯೇ ಇತ್ತು.

ಎರಡನೇ ಅಳತೆ

ಅಕ್ಟೋಬರ್ ಕೊನೆಯಲ್ಲಿ ಸರ್ನ್ ತನ್ನ ಕಿರಣವನ್ನೇ ಬದಲಾಯಿಸಿತು. 10,500 ನ್ಯಾನೋಸೆಕೆಂಡಿನ ಕಂತೆಯ ಬದಲು 3 ನ್ಯಾನೋಸೆಕೆಂಡಿನ ಪುಟ್ಟ ಪುಟ್ಟ ಮಿಡಿತಗಳು, ಒಂದಕ್ಕೂ ಇನ್ನೊಂದಕ್ಕೂ 524 ನ್ಯಾನೋಸೆಕೆಂಡ್ ಅಂತರ. ಈಗ ಯಾವ ನ್ಯೂಟ್ರಿನೋ ಯಾವ ಮಿಡಿತದ್ದು ಅನ್ನುವುದರಲ್ಲಿ ಗೊಂದಲವೇ ಇಲ್ಲ. ಎರಡು ವಾರದಲ್ಲಿ ಸಿಕ್ಕಿದ್ದು 20 ನ್ಯೂಟ್ರಿನೋ. ಇಪ್ಪತ್ತೇ ಸಾಕು. ಒಂದೊಂದರದೂ ಓಟದ ಹೊತ್ತು ನೇರವಾಗಿ ಕೈಗೆ ಸಿಗುತ್ತದೆ.

ಉತ್ತರ: 62.1 ನ್ಯಾನೋಸೆಕೆಂಡ್, 3.7 ಆಚೀಚೆ.

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಓದುವುದು ಈ ಸಾಲನ್ನು. ಎಲ್ಲರೂ ಅನುಮಾನಿಸಿದ ಜಾಗವನ್ನು ಕಿತ್ತು ಹಾಕಿ ಹೊಸದು ಹಾಕಿದರು, ಉತ್ತರ ಅಲ್ಲಾಡಲಿಲ್ಲ. ನವೆಂಬರ್‌ನಲ್ಲಿ ಇದನ್ನು ಸೇರಿಸಿ ಪ್ರಬಂಧ ಮತ್ತೆ ಹೊರಬಂತು. ಆಗ ಆ ಗುಂಪಿನಲ್ಲಿ ಇದ್ದಿದ್ದರೆ ನನಗೂ ಧೈರ್ಯ ಬಂದಿರುತ್ತಿತ್ತು.

ತಪ್ಪುಗಳಲ್ಲಿ ಎರಡು ಜಾತಿ. ಒಂದು, ಆ ಕಡೆ ಈ ಕಡೆ ಜೋಲುವ ತಪ್ಪು. ಒಮ್ಮೆ ಜಾಸ್ತಿ, ಒಮ್ಮೆ ಕಮ್ಮಿ. ಸಾವಿರ ಸಲ ಅಳೆದು ಸರಾಸರಿ ತೆಗೆದರೆ ಅದು ಕರಗುತ್ತದೆ. ಇನ್ನೊಂದು, ಸದಾ ಒಂದೇ ಕಡೆಗೆ ಎಳೆಯುವ ತಪ್ಪು. ಸಾವಿರ ಸಲ ಅಳೆದರೆ ಸಾವಿರ ಸಲವೂ ಅಷ್ಟೇ ಎಳೆಯುತ್ತದೆ. ಒಪೆರಾದವರ 15,000 ನ್ಯೂಟ್ರಿನೋಗಳು ಮೊದಲನೆಯದನ್ನು ಕರಗಿಸಿದ್ದವು. ಅಕ್ಟೋಬರ್‌ನ 20 ನ್ಯೂಟ್ರಿನೋಗಳು ಅದನ್ನು ಇನ್ನೊಂದು ದಾರಿಯಿಂದ ಕರಗಿಸಿದವು. ಹೊಸ ಕಿರಣ ಬಂತು, ಹೊಸ ವಿಶ್ಲೇಷಣೆ ಬಂತು. ಆದರೆ ಬೆಟ್ಟದೊಳಗಿನ ಗಡಿಯಾರ ಹಳೆಯದೇ. ಅದಕ್ಕೆ ಹೊತ್ತು ತರುವ ಫೈಬರ್ ಹಳೆಯದೇ. ಫೈಬರಿನ ತುದಿಯ ಕನೆಕ್ಟರ್ ಕೂಡ ಹಳೆಯದೇ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುತ್ತಾರೆ ನಮ್ಮಲ್ಲಿ. ಇವರು ಪ್ರಮಾಣಿಸಿಯೂ ನೋಡಿದ್ದರು. ಆದರೆ ಕಂಡದ್ದಕ್ಕೂ ಪ್ರಮಾಣಿಸಿದ್ದಕ್ಕೂ ಸಾಕ್ಷಿ ಅದೇ ಗಡಿಯಾರ.

ಡಿಸೆಂಬರ್

ಚಳಿಗಾಲಕ್ಕೆ ಕಿರಣ ನಿಂತಿತು. ಬಿಡುವು ಸಿಕ್ಕಾಗ ಹೊತ್ತಿನ ಸರಪಳಿಯನ್ನು ತುದಿಯಿಂದ ತುದಿಗೆ ಮತ್ತೆ ಅಳೆದರು. ಫೈಬರಿನ ತಡ 2006ರ ಸಂಖ್ಯೆಗೆ ಹೊಂದಲಿಲ್ಲ. ಎಪ್ಪತ್ತು ಚಿಲ್ಲರೆ ನ್ಯಾನೋಸೆಕೆಂಡ್ ಜಾಸ್ತಿ ಬಂತು.

ಫೈಬರ್ ಬಂದು ಮಾಸ್ಟರ್ ಗಡಿಯಾರದ ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಒಂದು ಪುಟ್ಟ ಕನೆಕ್ಟರ್. ಅದನ್ನು ಒಳಗೆ ತಳ್ಳಿ, ತಿರುಪಿನ ಹಾಗೆ ತಿರುಗಿಸಿ ಬಿಗಿ ಮಾಡಬೇಕು. ಅದು ಪೂರ್ತಿ ಬಿಗಿಯಾಗಿರಲಿಲ್ಲ.

ಇಲ್ಲಿ ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಕೇಬಲ್ ಸಡಿಲ ಅಂದ ಕೂಡಲೇ ಸಿಗ್ನಲ್ ಬಿಟ್ಟು ಬಿಟ್ಟು ಬರುವುದು ನೆನಪಾಗುತ್ತದೆ. ಹಾಗಾಗಿದ್ದರೆ ಅದೇ ದಿನ ಸಿಕ್ಕಿಬೀಳುತ್ತಿತ್ತು. ಇಲ್ಲಿ ಸಿಗ್ನಲ್ ಬರುತ್ತಲೇ ಇತ್ತು, ಒಂದೂ ತಪ್ಪದೆ. ಆದರೆ ಕನೆಕ್ಟರ್ ಪೂರ್ತಿ ಕೂರದಿದ್ದರೆ ಫೈಬರಿನಿಂದ ಬಂದ ಬೆಳಕೆಲ್ಲ ಎದುರಿನ ಫೋಟೋಡಯೋಡಿನ (ಬೆಳಕನ್ನು ವಿದ್ಯುತ್ ಮಾಡುವ ಬಿಡಿಭಾಗ) ಮೇಲೆ ಬೀಳುವುದಿಲ್ಲ. ಒಂದಷ್ಟು ಪಾಲು ಮಾತ್ರ. ಬೆಳಕು ಕಡಿಮೆಯಾದರೆ ವಿದ್ಯುತ್ ಸಿಗ್ನಲ್ ಏರುವುದು ನಿಧಾನ. ಅದು ಒಂದು ಮಟ್ಟ ಮುಟ್ಟಿದಾಗ 'ಮಿಡಿತ ಬಂತು' ಅಂತ ಸರ್ಕ್ಯೂಟ್ ಲೆಕ್ಕ ಹಿಡಿಯುತ್ತದೆ. ನಲ್ಲಿಯ ನೀರು ಸಣ್ಣಗೆ ಬಂದರೆ ಬಕೆಟಿನ ಗೆರೆ ಮುಟ್ಟುವುದು ತಡವಾಗುತ್ತದಲ್ಲ, ಹಾಗೆ. ಬೆಳಕು ಮಾಮೂಲಿ ಹೊತ್ತಿಗೇ ಬಂದಿದೆ. ಬಂದದ್ದು ಗೊತ್ತಾಗುವುದು ತಡ. ಸುಮಾರು 73 ನ್ಯಾನೋಸೆಕೆಂಡ್ ತಡ.

ತಡ ಆದರೆ ನ್ಯೂಟ್ರಿನೋ ತಡವಾಗಿ ಬಂದ ಹಾಗೆ ಕಾಣಬೇಕಲ್ವಾ ಅಂತ ನನಗೂ ಮೊದಲು ಅನಿಸಿತ್ತು. ಉಲ್ಟಾ. ತಡವಾದದ್ದು ಗಡಿಯಾರದ ಸಿಗ್ನಲ್. ಹಾಗಾಗಿ ಬೆಟ್ಟದೊಳಗಿನ ಗಡಿಯಾರ ನಿಜವಾದ ಹೊತ್ತಿಗಿಂತ ಹಿಂದೆ. ಹತ್ತು ಗಂಟೆಗೆ ಸರಿಯಾಗಿ ರೈಲು ಬಂದಾಗ ನಿಲ್ದಾಣದ ಗಡಿಯಾರ ಹತ್ತಕ್ಕೆ ಒಂದು ನಿಮಿಷ ತೋರಿಸುತ್ತಿದ್ದರೆ, ರೈಲು ಒಂದು ನಿಮಿಷ ಮೊದಲೇ ಬಂತು ಅಂತ ಪುಸ್ತಕದಲ್ಲಿ ಬರೆದಾಗುತ್ತದೆ. ನ್ಯೂಟ್ರಿನೋ ಓಡಿ ಬೇಗ ಬಂದದ್ದಲ್ಲ.

ಹುಡುಕುವಾಗ ಇನ್ನೊಂದು ತಪ್ಪೂ ಸಿಕ್ಕಿತು. ಮಾಸ್ಟರ್ ಗಡಿಯಾರದ ಒಳಗಿನ ಆಂದೋಲಕದ ಲಯ ಚೂರು ತಪ್ಪಿತ್ತು. ಅದರ ಪರಿಣಾಮ ವಿರುದ್ಧ ದಿಕ್ಕಿನಲ್ಲಿ, ಸುಮಾರು 15 ನ್ಯಾನೋಸೆಕೆಂಡ್. ಎರಡೂ ತಪ್ಪು ಸೇರಿ ಒಂದನ್ನೊಂದು ಸ್ವಲ್ಪ ಮುಚ್ಚಿಕೊಂಡಿದ್ದವು. 2012ರ ಫೆಬ್ರವರಿ 23ರಂದು ಸರ್ನ್ ಎರಡನ್ನೂ ಹೊರಗೆ ಹೇಳಿತು. ಮುಂದೆ ಎಲ್ಲ ತಿದ್ದಿದ ಮೇಲೆ 60.7 ಇಳಿದು 6.5 ಆಯಿತು. ಅನುಮಾನದ ಅಂಚು ಅದಕ್ಕಿಂತ ದೊಡ್ಡದು. ಅಂದರೆ ಸೊನ್ನೆ.

ಪಕ್ಕದ ಮನೆಯ ಸಾಕ್ಷಿ

ಆದರೆ ಇಲ್ಲಿಗೆ ನಿಲ್ಲುವ ಹಾಗಿರಲಿಲ್ಲ. ಕನೆಕ್ಟರ್ ಡಿಸೆಂಬರ್‌ನಲ್ಲಿ ಸಡಿಲ ಇತ್ತು, ನಿಜ. 2009ರಲ್ಲೂ ಸಡಿಲ ಇತ್ತು ಅಂತ ಹೇಳುವುದು ಹೇಗೆ? ಮೂರು ವರ್ಷ ಅದು ಹಾಗೇ ಇತ್ತೋ, ನಿನ್ನೆ ಮೊನ್ನೆ ಯಾರದೋ ಕೈ ತಾಗಿತೋ? ಕಳೆದ ಕಾಲಕ್ಕೆ ಹೋಗಿ ತಿರುಪು ಮುಟ್ಟಿ ನೋಡಲಾಗುವುದಿಲ್ಲ.

ಇದಕ್ಕೆ ಸಿಕ್ಕ ಉತ್ತರ ನನಗೆ ಇಡೀ ಪ್ರಕರಣದಲ್ಲೇ ಅತಿ ಚೆಂದದ ತುಂಡು. ಅದೇ ಬೆಟ್ಟದೊಳಗೆ, ಒಪೆರಾದಿಂದ 160 ಮೀಟರ್ ಆಚೆ, ಎಲ್‌ವಿಡಿ ಎಂಬ ಇನ್ನೊಂದು ಡಿಟೆಕ್ಟರ್ ಇತ್ತು. ನಕ್ಷತ್ರ ಸಿಡಿದರೆ ಅದರ ನ್ಯೂಟ್ರಿನೋ ಹಿಡಿಯಲು ಕಾದು ಕೂತದ್ದು ಅದು. ಒಪೆರಾದ ವ್ಯವಹಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಗಡಿಯಾರವೂ ಬೇರೆ.

ಬೆಟ್ಟದ ಒಂದು ದಿಕ್ಕಿನಲ್ಲಿ, ಟೆರಾಮೊ ಊರಿನ ಕಡೆ, ಬಂಡೆ ಸ್ವಲ್ಪ ತೆಳು. ಆ ಸಂದಿನಿಂದ ಆಗೊಮ್ಮೆ ಈಗೊಮ್ಮೆ ಒಂದು ಮ್ಯೂಆನ್ ಕಣ (ಆಕಾಶದಿಂದ ಸುರಿಯುವ ಕಣಗಳಲ್ಲೊಂದು, ನ್ಯೂಟ್ರಿನೋ ಅಲ್ಲ) ಅಡ್ಡಡ್ಡವಾಗಿ ನುಗ್ಗಿ, ಎರಡೂ ಡಿಟೆಕ್ಟರ್‌ಗಳನ್ನು ಹಾದು ಹೋಗುತ್ತಿತ್ತು. ಒಂದೇ ಕಣ, ಎರಡು ಗಡಿಯಾರ. ಎರಡೂ ಗಡಿಯಾರ ತೋರಿಸಿದ ಹೊತ್ತಿನ ವ್ಯತ್ಯಾಸ ಸದಾ ಒಂದೇ ಇರಬೇಕು. 2007ರಿಂದ 2012ರವರೆಗಿನ ದಾಖಲೆ ತೆಗೆದು ನೋಡಿದರೆ ಇಂಥ ಮ್ಯೂಆನ್‌ಗಳು ಸಿಕ್ಕಿದ್ದು 300ರಷ್ಟು. ಐದು ವರ್ಷಕ್ಕೆ ಮುನ್ನೂರು! ಯಾರೂ ಇದಕ್ಕಾಗಿ ಕಾದಿರಲಿಲ್ಲ. ಸುಮ್ನೆ ಬಿದ್ದಿದ್ದ ದಾಖಲೆ.

ಅವನ್ನು ದಿನಾಂಕದ ಪ್ರಕಾರ ಜೋಡಿಸಿದಾಗ ಮೆಟ್ಟಿಲು ಕಂಡಿತು. 2008ರ ಆಗಸ್ಟ್‌ವರೆಗೆ ವ್ಯತ್ಯಾಸ ಒಂದು ಮಟ್ಟದಲ್ಲಿ. ಅಲ್ಲಿಂದ 2011ರ ಡಿಸೆಂಬರ್‌ವರೆಗೆ ಇನ್ನೊಂದು ಮಟ್ಟದಲ್ಲಿ. ಕನೆಕ್ಟರ್ ಬಿಗಿ ಮಾಡಿದ ಮೇಲೆ ಮತ್ತೆ ಮೊದಲಿನ ಮಟ್ಟಕ್ಕೆ. ಮೆಟ್ಟಿಲಿನ ಎತ್ತರ 73 ನ್ಯಾನೋಸೆಕೆಂಡ್, 9 ಆಚೀಚೆ.

ಭೂಕಂಪದ ಗ್ರಾಫಿನಲ್ಲಿ ಒಂದು ಮೆಟ್ಟಿಲು ಕಂಡಿತ್ತಲ್ಲ, ಇದೂ ಅಂಥದ್ದೇ. ಅದನ್ನು ಹುಡುಕಿಕೊಂಡು ಕೂತಿದ್ದರು, ಸಿಕ್ಕಿತು. ಇದನ್ನು ಹುಡುಕುವವರೇ ಇರಲಿಲ್ಲ.

ಮುಂದಿನದು ಬೇಗ ಮುಗಿಯಿತು. ಮಾರ್ಚ್‌ನಲ್ಲಿ ಇಕಾರಸ್ ತನ್ನ ಲೆಕ್ಕ ಕೊಟ್ಟಿತು. ಅಕ್ಟೋಬರ್‌ನ ಅದೇ ಪುಟ್ಟ ಮಿಡಿತಗಳಲ್ಲಿ ಅದಕ್ಕೆ ಸಿಕ್ಕಿದ್ದು ಏಳೇ ನ್ಯೂಟ್ರಿನೋ, ಏಳೂ ಬೆಳಕಿನ ಜೊತೆಗೇ ಬಂದಿದ್ದವು. ಆ ತಿಂಗಳ ಕೊನೆಗೆ ಒಪೆರಾದ ವಕ್ತಾರ ಆಂಟೋನಿಯೊ ಎರೆಡಿಟಾಟೊ ಮತ್ತು ಆಟಿಯೆರೊ ಇಬ್ಬರೂ ತಮ್ಮ ಸ್ಥಾನ ಬಿಟ್ಟರು. ಜೂನ್‌ನಲ್ಲಿ ಕ್ಯೋಟೊದ ಸಮ್ಮೇಳನದಲ್ಲಿ ಬೆಟ್ಟದೊಳಗಿನ ನಾಲ್ಕೂ ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಬಂತು: ಒಪೆರಾ, ಇಕಾರಸ್, ಎಲ್‌ವಿಡಿ, ಬೊರೆಕ್ಸಿನೊ. ನಾಲ್ಕೂ ಒಂದೇ ಮಾತು ಹೇಳಿದವು.

ಎಲ್ಲಿ ಎಡವಿದರು

ಪ್ರಕಟಿಸಲೇಬಾರದಿತ್ತು ಅಂತ ಹೇಳುವವರ ಜೊತೆ ನಾನಿಲ್ಲ. ಕೈಯಲ್ಲಿ ಇಂಥ ಸಂಖ್ಯೆ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅದೇ ದೊಡ್ಡ ತಪ್ಪು. ಹೇಗೆ ಅಳೆದೆವು ಅಂತ ಪ್ರಬಂಧದಲ್ಲಿ ಅಷ್ಟು ವಿವರವಾಗಿ ಬರೆದದ್ದರಿಂದಲೇ ಬೇರೆಯವರು ಪ್ರಶ್ನೆ ಕೇಳಲು ಸಾಧ್ಯವಾಯಿತು.

ನನ್ನ ತಕರಾರು ಕೇವಲ 2006ರ ಆ ಒಂದು ಸಂಖ್ಯೆಯ ಮೇಲೆ. 2006ರಲ್ಲಿ ಅಳೆದದ್ದು 2011ರಲ್ಲೂ ಹಾಗೇ ಇದೆ ಅಂತ ನಂಬಿದರು. ಭೂಖಂಡ ಸರಿಯುತ್ತದೆ ಅಂತ ಬೆಟ್ಟವನ್ನು ದಿನಾ ಅಳೆದವರು, ಪೆಟ್ಟಿಗೆ ಹಿಂದಿನ ಕನೆಕ್ಟರ್ ಸರಿಯುವುದಿಲ್ಲ ಅಂದುಕೊಂಡರು. ವೇದಿಕೆ ಹತ್ತುವ ಮೊದಲು ಇನ್ನೊಮ್ಮೆ ಆ ಫೈಬರ್ ಅಳೆದಿದ್ದರೆ, ಅಥವಾ ಪಕ್ಕದ ಎಲ್‌ವಿಡಿಯವರನ್ನು ಕೇಳಿದ್ದರೆ, ಸೆಪ್ಟೆಂಬರ್ 23 ಒಂದು ಮಾಮೂಲಿ ಶುಕ್ರವಾರ ಆಗಿರುತ್ತಿತ್ತು. ಎಲ್‌ವಿಡಿಯ ಮ್ಯೂಆನ್‌ಗಳಲ್ಲಿ ಬಹುಪಾಲು ಆಗಲೇ ದಾಖಲಾಗಿದ್ದವು.

ಹಾಗಾದರೆ ಮೂರು ವರ್ಷ ಯಾರಿಗೂ ಗೊತ್ತಾಗದೆ ಉಳಿದದ್ದು ಹೇಗೆ? ಕಾರಣ ಸರಳ. ಒಪೆರಾದ ನಿಜವಾದ ಕೆಲಸಕ್ಕೆ ಆ ಗಡಿಯಾರ ಅಷ್ಟು ಖಚಿತವಾಗಿ ಇರಬೇಕಿರಲಿಲ್ಲ. ಸರ್ನ್ ಕಂತೆ ಬಂದ ಹೊತ್ತಿಗೇ ಪಟ್ಟಿ ಮಿನುಗಿತೇ ಅಂತ ನೋಡುವುದಕ್ಕೆ 73 ನ್ಯಾನೋಸೆಕೆಂಡ್ ಹೆಚ್ಚುಕಮ್ಮಿ ಒಂದು ಲೆಕ್ಕವೇ ಅಲ್ಲ. ದಿನನಿತ್ಯದ ಯಾವ ಕೆಲಸವೂ ಕೆಡಲಿಲ್ಲ. ಕೆಟ್ಟದ್ದು ಹೊಸ ಪ್ರಶ್ನೆಯನ್ನು ಹಳೆಯ ಯಂತ್ರಕ್ಕೆ ಕೇಳಿದಾಗ.

ಹಳೆಯ ಪ್ರಶ್ನೆ ಅದರ ಪಾಡಿಗೆ ನಡೆದಿತ್ತು. ಟಾವ್ ನ್ಯೂಟ್ರಿನೋ ಇಟ್ಟಿಗೆಗೆ ಬಡಿದರೆ ಟಾವ್ ಕಣ ಹುಟ್ಟುತ್ತದೆ, ಅದು ಒಂದು ಮಿಲಿಮೀಟರ್ ಹೋಗುವಷ್ಟರಲ್ಲಿ ಒಡೆಯುತ್ತದೆ. ಫಿಲ್ಮಿನಲ್ಲಿ ಅದು ಬಿಡುವ ಗುರುತು ಒಂದು ಸಣ್ಣ ಗೆರೆ, ಅದರ ತುದಿಯಲ್ಲಿ ಒಂದು ಮುರಿವು. ಇಟ್ಟಿಗೆ ಹೊರಗೆಳೆದು, ಫಿಲ್ಮು ತೊಳೆದು, ಪದರ ಪದರವಾಗಿ ಸೂಕ್ಷ್ಮದರ್ಶಕದಲ್ಲಿ ಆ ಮುರಿವನ್ನು ಹುಡುಕಬೇಕು. ಮೊದಲನೆಯದು 2010ರಲ್ಲೇ ಸಿಕ್ಕಿತ್ತು. 2015ರ ಹೊತ್ತಿಗೆ ಐದು. 2018ರಲ್ಲಿ ಕೊನೆಯ ಲೆಕ್ಕ ಕೊಟ್ಟಾಗ ಹತ್ತು. ಹತ್ತರಲ್ಲಿ ಹಲವು, ಕನೆಕ್ಟರ್ ಸಡಿಲವಾಗಿದ್ದ ಆ ವರ್ಷಗಳಲ್ಲೇ ಫಿಲ್ಮಿಗೆ ಬಿದ್ದವು.